ಜೆಟ್ ಎಂಜಿನ್ ಕಂಪನಿಗಳು ಯೂನಿವರ್ಸಿಟಿಗಳ ಜೊತೆ ಸೇರಿ ನಿಜವಾಗಿ ಏನು ಮಾಡುತ್ತವೆ? ಮಂಡ್ಯದ ಮೆಕ್ಯಾನಿಕಲ್ ವಿದ್ಯಾರ್ಥಿಗೆ ದಾರಿ ಇದೆಯಾ?

ಪಾಂಡವಪುರದ ಹುಡುಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದಲ್ಲಿ ಮೆಕ್ಯಾನಿಕಲ್ ಓದುತ್ತಿದ್ದೇನೆ, ಐದನೇ ಸೆಮಿಸ್ಟರ್. ಊರು ಪಾಂಡವಪುರದ ಹತ್ತಿರ ಒಂದು ಹಳ್ಳಿ. ಥರ್ಮೋಡೈನಮಿಕ್ಸ್‌ನಲ್ಲಿ ಬ್ರೇಟನ್ ಸೈಕಲ್ (ಜೆಟ್ ಎಂಜಿನ್ ಕೆಲಸ ಮಾಡುವ ತತ್ವ) ಓದಿದ ಮೇಲೆ ಜೆಟ್ ಎಂಜಿನ್ ಬಿಟ್ಟು ಬೇರೇನೂ ತಲೆಗೆ ಹೋಗುತ್ತಿಲ್ಲ. ಮೈಸೂರಿನ ಮಂಡಕಳ್ಳಿಗೆ ಬರುವ ಎಟಿಆರ್ ವಿಮಾನದಲ್ಲಿ ಪ್ರಾಟ್ ಅಂಡ್ ವಿಟ್ನಿ ಕೆನಡಾದ ಪಿಡಬ್ಲ್ಯು127 ಎಂಜಿನ್ ಇರುತ್ತದೆ. ಅದರ ಸದ್ದು ಕೇಳಲೆಂದೇ ಒಮ್ಮೊಮ್ಮೆ ಆ ಕಡೆ ಹೋಗುತ್ತೇನೆ.

ರೋಲ್ಸ್-ರಾಯ್ಸ್, ಜಿಇ, ಪ್ರಾಟ್ ಎಲ್ಲವೂ ಯೂನಿವರ್ಸಿಟಿಗಳ ಜೊತೆ ಸಂಶೋಧನೆ ಮಾಡುತ್ತವೆ ಎಂದು ಓದಿದೆ. ಅವರ ಹತ್ತಿರ ಸಾವಿರಾರು ಇಂಜಿನಿಯರ್‌ಗಳು ಇದ್ದಾರೆ, ಹಣ ಇದೆ, ಎಂಜಿನ್ ಓಡಿಸಿ ನೋಡುವ ಟೆಸ್ಟ್ ಬೆಡ್ ಇದೆ. ಮತ್ತೆ ಪ್ರೊಫೆಸರ್‌ಗಳು, ವಿದ್ಯಾರ್ಥಿಗಳು ಅವರಿಗೆ ಯಾಕೆ ಬೇಕು? ಹೋದ ವರ್ಷ ನಮ್ಮಲ್ಲೂ ಒಂದು ಕಂಪನಿ ಜೊತೆ ಎಂಒಯು (ಒಡಂಬಡಿಕೆ) ಆಯಿತು. ಪೇಪರಿನಲ್ಲಿ ಫೋಟೊ ಬಂತು. ಆಮೇಲೆ ಆ ಕಡೆಯಿಂದ ಯಾರೂ ಬರಲಿಲ್ಲ. ಎಲ್ಲ ಕಡೆಯೂ ಹೀಗೇನಾ, ಅಥವಾ ನಿಜವಾದ ಕೆಲಸ ನಡೆಯುವ ಜಾಗಗಳು ಬೇರೆಯೇ ಇವೆಯಾ?

ಇನ್ನೊಂದು ವಿಷಯ. ಬಿಇ ಮುಗಿದ ತಕ್ಷಣ ಕೆಲಸಕ್ಕೆ ಸೇರು ಎಂದು ಅಪ್ಪ ಹೇಳುತ್ತಾರೆ. ಅವರು ಹೇಳುವುದರಲ್ಲಿ ತಪ್ಪಿಲ್ಲ, ಕಬ್ಬಿನ ದುಡ್ಡು ಯಾವಾಗ ಕೈಗೆ ಬರುತ್ತದೋ ಗೊತ್ತಿರುವುದಿಲ್ಲ. ಈ ದಾರಿಯಲ್ಲಿ ಹೋದರೆ ಮನೆಗೆ ಹೊರೆಯಾಗದೆ ಓದಬಹುದಾ? ನಮ್ಮ ಕಾಲೇಜಿನಲ್ಲಿ ಜೆಟ್ ಎಂಜಿನ್ ಇಲ್ಲ, ವಿಮಾನ ವಿಭಾಗವೂ ಇಲ್ಲ. ತಿಳಿದವರು ದಯವಿಟ್ಟು ಹೇಳಿ.


ಟೆಸ್ಟ್ ಬೆಡ್ ನಿವೃತ್ತ, ವಿಜಯನಗರ 2ನೇ ಹಂತ, ಉತ್ತರಿಸಿದ್ದು:

ನೋಡಪ್ಪಾ, ಮೊದಲು ಒಂದು ಮಾತು. ಯೂನಿವರ್ಸಿಟಿ ಎಂಜಿನ್ ಮಾಡುವುದಿಲ್ಲ. ಒಂದು ತಂತ್ರಜ್ಞಾನ ಎಷ್ಟು ಪಕ್ವವಾಗಿದೆ ಎಂದು ಅಳೆಯಲು ನಾಸಾದವರು 1ರಿಂದ 9ರವರೆಗೆ ಮೆಟ್ಟಿಲು ಮಾಡಿದ್ದಾರೆ. 1ರಿಂದ 3, ಹೆಚ್ಚೆಂದರೆ 4, ಯೂನಿವರ್ಸಿಟಿಯ ಪಾಲು. ಪೂರ್ತಿ ಎಂಜಿನ್ ಓಡಿಸುವುದು, ಹಕ್ಕಿ ಬಡಿಸಿ ನೋಡುವುದು, ಪ್ರಮಾಣಪತ್ರ ಪಡೆಯುವುದು, ಅದೆಲ್ಲ ಕಂಪನಿಯ ಪಾಲು.

ತೇಜಸ್ ಯುದ್ಧವಿಮಾನಕ್ಕೆಂದು ನಮ್ಮ ಕಾವೇರಿ ಎಂಜಿನ್ 1989ರಲ್ಲಿ ಮಂಜೂರಾಯಿತು. ಡಿಆರ್‌ಡಿಒದ ಎಂಜಿನ್ ಸಂಶೋಧನಾ ಸಂಸ್ಥೆ, ಬೆಂಗಳೂರಿನ ಜಿಟಿಆರ್‌ಇ, ಅದರ ಮನೆ. ಎತ್ತರದ ತೆಳು ಗಾಳಿಯಲ್ಲಿ ಅದು ಹೇಗೆ ಓಡುತ್ತದೆ ಎಂದು ನೋಡಲು ರಷ್ಯಾಕ್ಕೆ ಹೊತ್ತುಕೊಂಡು ಹೋಗಬೇಕಾಯಿತು. ಅಂಥ ಸೌಲಭ್ಯ ಇಲ್ಲಿ ಇರಲಿಲ್ಲ. 2010ರಲ್ಲಿ ಅಲ್ಲೇ ಒಂದು ಇಲ್ಯೂಶಿನ್-76 ವಿಮಾನಕ್ಕೆ ಕಟ್ಟಿ ಹಾರಿಸಿದರು. ಅಷ್ಟು ಹೊತ್ತಿಗೆ, 2008ರಲ್ಲೇ, ತೇಜಸ್ ಯೋಜನೆಯಿಂದ ಅದನ್ನು ಬೇರೆ ಮಾಡಿ ಆಗಿತ್ತು. ಆ ದೊಡ್ಡ ಕೆಲಸ ಯಾವ ಕಾಲೇಜಿನಿಂದಲೂ ಆಗುವುದಲ್ಲ. ಆದರೆ ಬ್ಲೇಡಿನ ಲೋಹ, ಉರಿಯುವ ರೀತಿ, ಗಾಳಿಯ ಹರಿವು, ಇವುಗಳ ಬಗ್ಗೆ ಸಣ್ಣ ಸಣ್ಣ ಪ್ರಶ್ನೆಗಳಿಗೆ ಉತ್ತರ ಮೊದಲೇ ಸಿದ್ಧವಾಗಿರಬೇಕು. ಆ ಉತ್ತರ ಯೂನಿವರ್ಸಿಟಿಯಿಂದ ಬರಬೇಕು.

ಕಾಲೇಜಿನಲ್ಲಿ ಜೆಟ್ ಎಂಜಿನ್ ಇಲ್ಲ ಅಂತ ಕೊರಗಬೇಡ. ನಿನ್ನ ಜಿಲ್ಲೆಯಲ್ಲೇ ಟರ್ಬೈನ್ ಇವೆ. ಶಿವನಸಮುದ್ರದಲ್ಲಿ 1902ರಿಂದ ನೀರಿನ ಟರ್ಬೈನ್ ತಿರುಗುತ್ತಿದೆ. ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬಿನ ಸಿಪ್ಪೆ ಉರಿಸಿ ಉಗಿ ಟರ್ಬೈನ್ ಓಡಿಸುತ್ತಾರೆ. ಮೇಂಟೆನೆನ್ಸ್ ಸಮಯದಲ್ಲಿ ಕೇಸಿಂಗ್ ಬಿಚ್ಚಿದಾಗ ಹೋಗಿ ನಿಂತು ನೋಡು. ಬ್ಲೇಡಿನ ಬೇರು ಡಿಸ್ಕಿನಲ್ಲಿ ಹೇಗೆ ಕೂತಿದೆ, ತುದಿ ಎಲ್ಲಿ ಸವೆದಿದೆ ಎಂದು ಕೈಯಿಂದ ಮುಟ್ಟಿ ನೋಡಿದವನಿಗೆ ಪುಸ್ತಕದ ಚಿತ್ರ ಬೇರೆ ಥರ ಕಾಣುತ್ತದೆ.


ಫಿಲ್ಮ್ ಕೂಲಿಂಗ್, ಕುವೆಂಪುನಗರ, ಉತ್ತರಿಸಿದ್ದು:

ತಮ್ಮಾ, ನನ್ನ ಉತ್ತರ ಉದ್ದ ಇದೆ. ಇದು ನನ್ನ ಬದುಕಿನ ಕೆಲಸ, ಚಿಕ್ಕದಾಗಿ ಹೇಳಲು ಮನಸ್ಸು ಬರುವುದಿಲ್ಲ. ನಾನು ಬೆಂಗಳೂರಿನಲ್ಲಿ ಟರ್ಬೈನ್ ಬ್ಲೇಡ್ ತಂಪು ಮಾಡುವ ವಿಷಯದಲ್ಲಿ ಪಿಎಚ್‌ಡಿ ಮಾಡಿದೆ. ರಕ್ಷಣಾ ಸಂಶೋಧನೆಯ ಒಂದು ಯೋಜನೆಯಿಂದ ಹಣ ಬರುತ್ತಿತ್ತು. ಈಗ ಮೈಸೂರಿನಲ್ಲಿ ಪಾಠ ಮಾಡುತ್ತೇನೆ.

ಕಂಪನಿಗೆ ಯೂನಿವರ್ಸಿಟಿ ಯಾಕೆ ಬೇಕು ಅಂತ ಕೇಳಿದ್ದೀಯ. ಒಂದೇ ಸಣ್ಣ ಪ್ರಶ್ನೆಯ ಮೇಲೆ ಇಪ್ಪತ್ತು ಮೂವತ್ತು ವರ್ಷ ಕೂರುವವರು ಕಂಪನಿಯೊಳಗೆ ಸಿಗುವುದಿಲ್ಲ, ಅದಕ್ಕೆ. ಕಂಪನಿಗೆ ಎಂಜಿನ್ ಕೊಡಬೇಕಾದ ತಾರೀಕು ಇರುತ್ತದೆ. ತಾರೀಕು ಹತ್ತಿರ ಬಂದರೆ ಎಲ್ಲರನ್ನೂ ಎಳೆದು ಅಲ್ಲಿಗೆ ಹಾಕುತ್ತಾರೆ. ಯೂನಿವರ್ಸಿಟಿಯಲ್ಲಿ ಒಬ್ಬಳು ಥೀಸಿಸ್ ಮುಗಿಸಿ ಹೊರಟರೆ, ಅವಳು ನಿಲ್ಲಿಸಿದ ಕಡೆಯಿಂದ ಇನ್ನೊಬ್ಬ ಶುರು ಮಾಡುತ್ತಾನೆ. ರಿಗ್ (ಪ್ರಯೋಗದ ಸಾಧನ) ಅದೇ, ಗೈಡ್ ಅವರೇ, ಪ್ರಶ್ನೆ ಒಂದು ಹೆಜ್ಜೆ ಮುಂದೆ.

ರೋಲ್ಸ್-ರಾಯ್ಸ್ 1990ರಲ್ಲಿ ಇದನ್ನು ಪದ್ಧತಿಯಾಗಿ ಮಾಡಿತು. ಲಂಡನ್ನಿನ ಇಂಪೀರಿಯಲ್ ಕಾಲೇಜು ಮತ್ತು ಆಕ್ಸ್‌ಫರ್ಡ್‌ನಲ್ಲಿ ಮೊದಲು 'ಯೂನಿವರ್ಸಿಟಿ ಟೆಕ್ನಾಲಜಿ ಸೆಂಟರ್' ಶುರುವಾದವು. ಇಂಪೀರಿಯಲ್‌ಗೆ ಕಂಪನದ ವಿಷಯ ಕೊಟ್ಟರು. ಆಮೇಲೆ ಲಫ್‌ಬರಾಗೆ ಕಂಬಸ್ಟರ್ (ಇಂಧನ ಉರಿಯುವ ಕೋಣೆ), ಶೆಫೀಲ್ಡ್‌ಗೆ ಕಂಟ್ರೋಲ್, ಸೌತಾಂಪ್ಟನ್‌ಗೆ ಶಬ್ದ, ನಾಟಿಂಗ್‌ಹ್ಯಾಮ್‌ಗೆ ಗೇರು ಬೇರಿಂಗು ಎಣ್ಣೆ. ಒಬ್ಬರಿಗೆ ಒಂದು ವಿಷಯ, ಅದೂ ವರ್ಷಗಟ್ಟಲೆ. ನನಗೆ ಇದರಲ್ಲಿ ತುಂಬ ಇಷ್ಟವಾಗುವುದು ಈ ಹಟವೇ. ಸೌತಾಂಪ್ಟನ್‌ನವರು ಶಬ್ದ ಬಿಟ್ಟು ಹೊಸ ಫ್ಯಾಷನ್ ಹಿಂದೆ ಓಡಲಿಲ್ಲ.

ಈಗ ನನ್ನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ನಿನ್ನ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಇವತ್ತಿನ ದೊಡ್ಡ ಎಂಜಿನ್‌ನಲ್ಲಿ ಕಂಬಸ್ಟರ್ ದಾಟಿ ಟರ್ಬೈನ್‌ಗೆ ಬರುವ ಅನಿಲ 1,600 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಬ್ಲೇಡಿನ ನಿಕಲ್ ಲೋಹ ಅದಕ್ಕಿಂತ ನೂರಾರು ಡಿಗ್ರಿ ಕೆಳಗೇ ಕರಗುತ್ತದೆ. ಆದರೂ ಬ್ಲೇಡ್ ಸಾವಿರಾರು ಗಂಟೆ ಬಾಳುತ್ತದೆ. ಹೇಗೆ? ಗಾಳಿಯನ್ನು ಒತ್ತುವ ಕಂಪ್ರೆಸರ್‌ನಿಂದ ಸ್ವಲ್ಪ ಗಾಳಿ ಕದ್ದು ಬ್ಲೇಡಿನ ಒಳಗೆ ಹರಿಸಿ, ಮೈಮೇಲಿನ ಸಣ್ಣ ತೂತುಗಳಿಂದ ಹೊರಗೆ ಬಿಡುತ್ತಾರೆ. ತೂತಿನ ಅಗಲ ಅರ್ಧ ಮಿಲಿಮೀಟರ್ ಆಸುಪಾಸು. ಆ ಗಾಳಿ ಬ್ಲೇಡಿನ ಮೈಗೆ ತೆಳ್ಳನೆ ಹೊದಿಕೆಯಾಗುತ್ತದೆ. 'ತಣ್ಣನೆ' ಗಾಳಿ ಅಂತೀವಿ, ಆದರೆ ಅದೂ 600 ಡಿಗ್ರಿ ಸುತ್ತಮುತ್ತ ಇರುತ್ತದೆ.

ಜಾಸ್ತಿ ಗಾಳಿ ಬಿಟ್ಟರೆ ಜಾಸ್ತಿ ತಂಪು ಅಲ್ವಾ? ಇಲ್ಲ. ರಭಸವಾಗಿ ಬಿಟ್ಟರೆ ಗಾಳಿ ಮೈಬಿಟ್ಟು ಮೇಲಕ್ಕೆ ಹಾರುತ್ತದೆ, ಬಿಸಿ ಅನಿಲ ಅದರ ಕೆಳಗೆ ನುಗ್ಗುತ್ತದೆ. ಬ್ಲೇಡ್ ಸುಡುತ್ತದೆ, ಕದ್ದ ಗಾಳಿಯೂ ದಂಡ. 1974ರಲ್ಲಿ ಅಮೆರಿಕದ ಮಿನಿಸೋಟಾ ಯೂನಿವರ್ಸಿಟಿಯ ಗೋಲ್ಡ್‌ಸ್ಟೈನ್, ಎಕರ್ಟ್, ಬರ್ಗ್‌ರಾಫ್ ಒಂದು ಪ್ರಬಂಧ ಬರೆದರು. ತೂತು ಒಳಗೆ ದುಂಡಗಿರಲಿ, ಬಾಯಿ ಮಾತ್ರ ಅಗಲವಾಗಲಿ. ಆಗ ಗಾಳಿಯ ವೇಗ ತಗ್ಗಿ ಅದು ಮೈಗೆ ಅಂಟಿಕೊಂಡೇ ಹರಿಯುತ್ತದೆ ಎಂದು ಅಳೆದು ತೋರಿಸಿದರು. ಇವತ್ತು ಜೆಟ್ ಎಂಜಿನ್ ಬ್ಲೇಡುಗಳಲ್ಲಿ ಬಾಯಗಲದ ತೂತು ಮಾಮೂಲಿ. ಅದು ಹುಟ್ಟಿದ್ದು ಎಂಜಿನ್‌ನಲ್ಲಲ್ಲ, ಯೂನಿವರ್ಸಿಟಿಯ ವಿಂಡ್ ಟನಲ್‌ನಲ್ಲಿ.

ನಮ್ಮ ರಿಗ್‌ನಲ್ಲಿ ಬೆಂಕಿಯೇ ಇರಲಿಲ್ಲ. ಇದನ್ನು ಕೇಳಿ ನನ್ನ ವಿದ್ಯಾರ್ಥಿಗಳು ಆಶ್ಚರ್ಯಪಡುತ್ತಾರೆ. ಹರಿವಿನ ಲೆಕ್ಕ, ಅಂದರೆ ರೆನಾಲ್ಡ್ಸ್ ಸಂಖ್ಯೆ ಮುಂತಾದವು ಹೊಂದಿಕೊಂಡರೆ ಸಾಕು. ತೂತನ್ನು ಹತ್ತಾರು ಪಟ್ಟು ದೊಡ್ಡದು ಮಾಡಿ ಮಾಮೂಲಿ ಬಿಸಿಯಲ್ಲೇ ಅಳೆಯಬಹುದು. ಎಂಜಿನ್‌ನಲ್ಲಿ ತಂಪು ಗಾಳಿ ಸುತ್ತಲಿನ ಅನಿಲಕ್ಕಿಂತ ಸಾಂದ್ರವಾಗಿರುತ್ತದೆ. ಅದನ್ನು ತರಲು ನಾವು ಗಾಳಿಯ ಬದಲು ಕಾರ್ಬನ್ ಡೈಆಕ್ಸೈಡ್ ಬಿಡುತ್ತಿದ್ದೆವು. ಅದು ಗಾಳಿಗಿಂತ ಒಂದೂವರೆ ಪಟ್ಟು ಭಾರ. ಸಿಲಿಂಡರ್‌ನಿಂದ ಜೋರಾಗಿ ತೆಗೆದರೆ ರೆಗ್ಯುಲೇಟರ್ ಹಿಮಗಟ್ಟಿ ಹರಿವು ನಿಲ್ಲುತ್ತಿತ್ತು, ಅದಕ್ಕೆ ಹೀಟರ್ ಸುತ್ತಬೇಕಿತ್ತು. ಇನ್‌ಫ್ರಾರೆಡ್ ಕ್ಯಾಮೆರಾಕ್ಕೆ ಮಾಮೂಲಿ ಗಾಜಿನ ಆಚೆ ಏನೂ ಕಾಣುವುದಿಲ್ಲ, ಝಿಂಕ್ ಸೆಲೆನೈಡ್ ಕಿಟಕಿ ಬೇಕು. ಆ ಕಿಟಕಿಯ ಬೆಲೆ ಕೇಳಿದರೆ ಎದೆ ಝಲ್ ಎನ್ನುತ್ತದೆ. ಹಣ ಕೊಟ್ಟ ಲ್ಯಾಬಿನ ವಿಜ್ಞಾನಿಗಳು ರಿವ್ಯೂಗೆ ಬಂದಾಗ ಬಣ್ಣದ ಚಿತ್ರಗಳನ್ನು ನೋಡುತ್ತಿರಲಿಲ್ಲ. ಈ ಸಂಖ್ಯೆಯಲ್ಲಿ ಎಷ್ಟು ಹೆಚ್ಚುಕಡಿಮೆ ಇದೆ, ನಾಳೆ ಮತ್ತೆ ಅಳೆದರೆ ಅದೇ ಬರುತ್ತದೆಯಾ, ಅದನ್ನೇ ಕೇಳುತ್ತಿದ್ದರು. ಸಹಭಾಗಿತ್ವ ಅಂದರೆ ಆ ಪ್ರಶ್ನೆ.

ನಿಮ್ಮ ಎಂಒಯು ವಿಷಯ. ಎಂಒಯು ಅಂದರೆ ಸೇರಿ ಕೆಲಸ ಮಾಡುವ ಮನಸ್ಸಿದೆ ಎಂದಷ್ಟೇ. ಕೆಲಸ ಶುರುವಾಗುವುದು ಅದರ ಕೆಳಗೆ ಪ್ರಾಜೆಕ್ಟ್ ಒಪ್ಪಂದ ಬಂದಾಗ. ಯಾವುದನ್ನು ಅಳೆಯಬೇಕು, ಎಷ್ಟು ಹಣ, ಎರಡೂ ಕಡೆ ಫೋನ್ ಎತ್ತುವವರು ಯಾರು, ಪೇಪರ್ ಪ್ರಕಟಿಸುವ ಮೊದಲು ಕಂಪನಿ ಎಷ್ಟು ದಿನದಲ್ಲಿ ಓದಿ ಹೇಳಬೇಕು, ಪೇಟೆಂಟ್ ಯಾರ ಹೆಸರಿನಲ್ಲಿ. ಇವೆಲ್ಲ ಅದರಲ್ಲಿ ಬರೆದಿರುತ್ತವೆ. ಸುಮ್ನೆ ನಿಮ್ಮ ಎಚ್‌ಒಡಿ ಹತ್ತಿರ ಹೋಗಿ, ಇಂಥ ಒಪ್ಪಂದ ಏನಾದರೂ ಇದೆಯಾ ಎಂದು ಮರ್ಯಾದೆಯಿಂದ ಕೇಳು. ಇಲ್ಲದಿದ್ದರೆ ಅದರ ಮೇಲೆ ಆಸೆ ಇಟ್ಟುಕೊಳ್ಳಬೇಡ.

ನಮ್ಮಲ್ಲಿ ನಿಜವಾದ ಕೆಲಸ ನಡೆಯುವ ಜಾಗಗಳು ಖಂಡಿತ ಇವೆ, ಅದೂ ಹತ್ತಿರದಲ್ಲೇ. ಐಐಎಸ್‌ಸಿಯ ಏರೋಸ್ಪೇಸ್ ವಿಭಾಗ 1942ರದ್ದು. ನ್ಯಾಷನಲ್ ಸೆಂಟರ್ ಫಾರ್ ಕಂಬಸ್ಶನ್ ರಿಸರ್ಚ್ ಅಂಡ್ ಡೆವಲಪ್‌ಮೆಂಟ್ ಅಲ್ಲಿಯೂ ಇದೆ, ಐಐಟಿ ಮದ್ರಾಸಿನಲ್ಲಿಯೂ ಇದೆ. ಸರ್ಕಾರಿ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನಲ್ಲಿ ಪ್ರೊಪಲ್ಷನ್ ವಿಭಾಗ ಇದೆ. ಜಿಇ 2000ದಲ್ಲೇ ವೈಟ್‌ಫೀಲ್ಡ್‌ನಲ್ಲಿ ಸಂಶೋಧನಾ ಕೇಂದ್ರ ತೆರೆಯಿತು. ಕಾಲೇಜುಗಳ ಪ್ರಾಜೆಕ್ಟ್‌ಗೆ ಹಣ ಕೊಡಲು ಡಿಆರ್‌ಡಿಒದ ಏರೋನಾಟಿಕ್ಸ್ ಆರ್ ಅಂಡ್ ಡಿ ಬೋರ್ಡ್ 1971ರಿಂದ ಇದೆ. ಅದಕ್ಕೆ ಐಐಟಿಯೇ ಆಗಬೇಕೆಂದಿಲ್ಲ, ನಿಮ್ಮ ಮೇಷ್ಟ್ರೂ ಅರ್ಜಿ ಹಾಕಬಹುದು.

ನನಗೆ ನೋವಾಗುವುದು ಒಂದೇ ವಿಷಯ. ನಮ್ಮಲ್ಲಿ ಪ್ರಾಜೆಕ್ಟ್ ಮೂರು ವರ್ಷಕ್ಕೆ ಮುಗಿಯುತ್ತದೆ. ವಿದ್ಯಾರ್ಥಿ ಹೋಗುತ್ತಾನೆ. ಮುಂದಿನ ಹಣ ಬರುವ ಹೊತ್ತಿಗೆ ರಿಗ್ ಬಿಚ್ಚಿ ಮೂಲೆಗೆ ಹಾಕಿರುತ್ತಾರೆ, ಸೆನ್ಸರ್ ಎಲ್ಲಿ ಹೋಯಿತು ಯಾರಿಗೂ ಗೊತ್ತಿರುವುದಿಲ್ಲ. ಹೊಸಬ ಬಂದು ಮೊದಲಿನಿಂದ ಶುರು ಮಾಡುತ್ತಾನೆ. ಎಂಜಿನ್ ನಮ್ಮದೇ ಆಗಬೇಕು ಎಂದು ಎಲ್ಲರೂ ಹೇಳುತ್ತಾರೆ. ಅದಕ್ಕೆ ಮೊದಲು, ಹತ್ತು ಕಾಲೇಜುಗಳಿಗೆ ಹತ್ತು ಸಣ್ಣ ಪ್ರಶ್ನೆ ಹಂಚಿ, ಇಪ್ಪತ್ತು ವರ್ಷ ಹಣ ನಿಲ್ಲಿಸಬೇಡಿ ಎಂದು ನಾನು ಯಾವ ಸಭೆಯಲ್ಲಾದರೂ ಹೇಳುತ್ತೇನೆ.


ಪಾಂಡವಪುರದ ಹುಡುಗ:

ಮೇಡಂ, ಸರ್, ತುಂಬ ಧನ್ಯವಾದ. ಬೆಂಕಿಯಿಲ್ಲದ ರಿಗ್ ವಿಷಯ ನಮ್ಮ ಕ್ಲಾಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೂರು ಸಂದೇಹ. ಹೊರದೇಶದ ಆ ಸೆಂಟರ್‌ಗಳಿಗೆ ನಮ್ಮಂಥವರು ಹೋಗಬಹುದಾ? ಇಲ್ಲೇ ಓದಿದರೆ ಕೈಗೆ ಎಷ್ಟು ಸಿಗುತ್ತದೆ? ನನ್ನ ಹತ್ತಿರ ಇರುವುದು 8 ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್ ಮಾತ್ರ. ಈಗಿಂದಲೇ ಏನಾದರೂ ಶುರು ಮಾಡಬಹುದಾ?


ಇಂಗ್ಲೆಂಡಿನಲ್ಲಿ ಮದ್ದೂರು, ಉತ್ತರಿಸಿದ್ದು:

ಹೊರದೇಶದ ಪ್ರಶ್ನೆಗೆ ನಾನು ಹೇಳುತ್ತೇನೆ ತಮ್ಮ. ನಾನು ಇಲ್ಲಿ ಲೋಹಗಳ ಟೆಸ್ಟಿಂಗ್ ಕೆಲಸ ಮಾಡುತ್ತೇನೆ.

ಹೋಗಬಹುದು, ಆದರೆ ಬಾಗಿಲುಗಳು ಗೊತ್ತಿರಬೇಕು. ಬ್ರಿಟನ್‌ನಲ್ಲಿ ಇಂಥ ವಿಷಯದ ಸಂಶೋಧನೆಗೆ ಭಾರತದವರಿಗೆ ಎಟಿಎಎಸ್ ಎಂಬ ಅನುಮತಿ ಬೇಕು. ವೀಸಾಕ್ಕಿಂತ ಮೊದಲು ಅದು. ಶುಲ್ಕ ಇಲ್ಲ, ಆದರೆ ವಾರಗಟ್ಟಲೆ ಕಾಯಬೇಕು. ಬಹಳಷ್ಟು ಪಿಎಚ್‌ಡಿ ಜಾಗಗಳಲ್ಲಿ ಹಣ ಇಲ್ಲಿನವರ ಶುಲ್ಕದ ಮಟ್ಟಕ್ಕೆ ಮಾತ್ರ ಇರುತ್ತದೆ, ಉಳಿದದ್ದು ಯಾರು ಕೊಡುತ್ತಾರೆ ಎಂದು ಮೊದಲೇ ಕೇಳು. ಅಮೆರಿಕದಲ್ಲಿ ಎಂಜಿನ್ ಲ್ಯಾಬುಗಳ ಎಷ್ಟೋ ಪ್ರಾಜೆಕ್ಟ್‌ಗಳು ರಫ್ತು ಕಾನೂನಿನ ಕೆಳಗೆ ಬರುತ್ತವೆ. ಅಲ್ಲಿನ ಪೌರರು, ಗ್ರೀನ್ ಕಾರ್ಡ್ ಇದ್ದವರು ಮಾತ್ರ ಮುಟ್ಟಬಹುದು. ಅದೇ ಲ್ಯಾಬಿನಲ್ಲಿ ಎಲ್ಲರಿಗೂ ತೆರೆದ ಪ್ರಾಜೆಕ್ಟ್ ಕೂಡ ಇರುತ್ತದೆ. ಪ್ರೊಫೆಸರ್‌ಗೆ ಮೇಲ್ ಬರೆಯುವಾಗ ಇದನ್ನು ನೇರವಾಗಿ ಕೇಳಿದರೆ ಅವರು ಬೇಸರ ಮಾಡಿಕೊಳ್ಳುವುದಿಲ್ಲ.

ಲೋಹದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ರೋಲ್ಸ್-ರಾಯ್ಸ್ ಲೋಹದ ಕೆಲಸವನ್ನು ಕೇಂಬ್ರಿಡ್ಜ್, ಬರ್ಮಿಂಗ್‌ಹ್ಯಾಮ್, ಸ್ವಾನ್ಸಿ ಮೂರಕ್ಕೆ ಹಂಚಿದೆ. ಸ್ವಾನ್ಸಿಯ ಪಾಲು ಎಳೆದು, ಬಿಟ್ಟು, ಮತ್ತೆ ಎಳೆದು, ಯಾವಾಗ ಬಿರುಕು ಬಿಡುತ್ತದೆ ಎಂದು ನೋಡುವುದು. ಬೇಜಾರಿನ ಕೆಲಸ ಅನ್ನಿಸಬಹುದು. 2023ರಲ್ಲಿ ಪ್ರಾಟ್ ಅಂಡ್ ವಿಟ್ನಿಯ ಗೇರ್ಡ್ ಟರ್ಬೋಫ್ಯಾನ್ ಎಂಜಿನ್‌ನ ಡಿಸ್ಕ್ ಮಾಡುವ ಲೋಹದ ಪುಡಿಯಲ್ಲಿ ಕಲ್ಮಶ ಇತ್ತು ಎಂದು ಹೊರಗೆ ಬಂತು. ಇಂಡಿಗೊದ ಹತ್ತಾರು ವಿಮಾನಗಳು ನೆಲದಲ್ಲೇ ನಿಂತವು. ಕಣ್ಣಿಗೆ ಕಾಣದಷ್ಟು ಸಣ್ಣ ಕಲ್ಮಶದಿಂದ ಬಿರುಕು ಹೇಗೆ ಬೆಳೆಯುತ್ತದೆ ಎಂದು ತಿಳಿದವರ ಬೆಲೆ ಆಗ ಗೊತ್ತಾಯಿತು. ಈ ಕೆಲಸಕ್ಕೆ ವಿಂಡ್ ಟನಲ್ ಬೇಡ. ಮಂಡ್ಯ, ಮೈಸೂರಿನ ಕಾಲೇಜುಗಳಲ್ಲಿ ಇರುವ, ಲೋಹವನ್ನು ಮತ್ತೆ ಮತ್ತೆ ಎಳೆದು ನೋಡುವ ಫೆಟೀಗ್ ಮೆಶಿನ್, ಮೈಕ್ರೊಸ್ಕೋಪಿನಿಂದಲೇ ಕಲಿಯಲು ಶುರು ಮಾಡಬಹುದು.


ಫಿಲ್ಮ್ ಕೂಲಿಂಗ್, ಕುವೆಂಪುನಗರ:

ದುಡ್ಡಿನ ವಿಷಯ ಮೊದಲು, ಅಪ್ಪನಿಗೆ ಹೇಳಬೇಕಲ್ಲ. ಗೇಟ್ ಪರೀಕ್ಷೆ ಬರೆದು ಎಂಟೆಕ್‌ಗೆ ಸೇರಿದರೆ ತಿಂಗಳಿಗೆ 12,400 ರೂಪಾಯಿ ಬರುತ್ತದೆ. ಪಿಎಚ್‌ಡಿಗೆ ಮೊದಲ ಎರಡು ವರ್ಷ 37,000, ಆಮೇಲೆ 42,000. ಐಐಎಸ್‌ಸಿಯಲ್ಲಿ ಬಿಇ ಮುಗಿಸಿ ನೇರವಾಗಿ ಪಿಎಚ್‌ಡಿಗೆ ಅರ್ಜಿ ಹಾಕುವ ದಾರಿಯೂ ಇದೆ. ಮೆಕ್ಯಾನಿಕಲ್ ಪೇಪರಿನಲ್ಲೇ ಗೇಟ್ ಬರಿ, ಏರೋಸ್ಪೇಸ್ ಪೇಪರೇ ಬೇಕು ಎಂದು ಹೆದರಬೇಡ. ಮನೆಯಿಂದ ಹಣ ತರದೆ ಓದಿದ ಹಳ್ಳಿಯ ಹುಡುಗ ಹುಡುಗಿಯರು ನನ್ನ ಜೊತೆಗೇ ಇದ್ದರು. ಜಿಟಿಆರ್‌ಇ ಅಪ್ರೆಂಟಿಸ್ ಜಾಹೀರಾತು ಕೂಡ ಕೊಡುತ್ತದೆ, ಅದರ ಮೇಲೂ ಕಣ್ಣಿಡು.

ಐಐಎಸ್‌ಸಿ ವರ್ಷಕ್ಕೊಮ್ಮೆ ಓಪನ್ ಡೇ ಮಾಡುತ್ತದೆ, ಸಾಮಾನ್ಯವಾಗಿ ಫೆಬ್ರವರಿ ಮಾರ್ಚ್ ಹೊತ್ತಿಗೆ. ಬೆಳಿಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿದರೆ ಸಂಜೆ ವಾಪಸ್ ಬರಬಹುದು. ಲ್ಯಾಬಿನಲ್ಲಿ ನಿಂತಿರುವ ವಿದ್ಯಾರ್ಥಿಗಳನ್ನು ಮಾತಾಡಿಸು. ನಿಮ್ಮ ಗೈಡ್ ಎಷ್ಟು ವರ್ಷದಿಂದ ಈ ಪ್ರಶ್ನೆ ಹಿಡಿದಿದ್ದಾರೆ ಎಂದು ಕೇಳು. ಲ್ಯಾಬ್ ಆರಿಸುವಾಗ ಸಂಸ್ಥೆಯ ಹೆಸರಿಗಿಂತ ಆ ಉತ್ತರಕ್ಕೆ ಜಾಸ್ತಿ ಬೆಲೆ ಕೊಡು.

ಇನ್ನು ನಿನ್ನ ಲ್ಯಾಪ್‌ಟಾಪ್. ಅಮೆರಿಕದ ಪೆನ್ ಸ್ಟೇಟ್ ಯೂನಿವರ್ಸಿಟಿ ಪ್ರಾಟ್ ಅಂಡ್ ವಿಟ್ನಿ ಜೊತೆ ಸೇರಿ ಟರ್ಬೈನ್ ಕೂಲಿಂಗ್ ಮೇಲೆ ದೊಡ್ಡ ಲ್ಯಾಬ್ ನಡೆಸುತ್ತದೆ. ಅಲ್ಲಿನವರು 2014ರಲ್ಲಿ '7-7-7' ಎಂಬ ತೂತಿನ ಆಕಾರವನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸಿದರು. ತೂತು ಮೈಗೆ 30 ಡಿಗ್ರಿ ಓರೆ. ಬಾಯಿ ಎರಡು ಪಕ್ಕಕ್ಕೂ ಮುಂದಕ್ಕೂ 7 ಡಿಗ್ರಿ ಅಗಲವಾಗುತ್ತದೆ. ಕಂಪನಿಗಳ ನಿಜವಾದ ತೂತಿನ ಅಳತೆ ಗುಟ್ಟು. ಅದಕ್ಕೇ ಲೋಕಕ್ಕೆಲ್ಲ ಹೋಲಿಸಿ ನೋಡಲು ಒಂದು ತೂತು ಇರಲಿ ಎಂದು ಇದನ್ನು ಕೊಟ್ಟರು. ನನ್ನ ದೃಷ್ಟಿಯಲ್ಲಿ ಯೂನಿವರ್ಸಿಟಿ ಮಾಡಬಹುದಾದ ದೊಡ್ಡ ಉಪಕಾರ ಅದು.

ಈ ತೂತನ್ನು ನೀನು ಓಪನ್‌ಫೋಮ್‌ನಲ್ಲಿ ಮಾಡು. ಹರಿವಿನ ಲೆಕ್ಕ ಹಾಕುವ, ಪುಕ್ಕಟೆ ಸಿಗುವ ಸಾಫ್ಟ್‌ವೇರ್. ತೂತಿನ ಎಡ ಬಲ ಒಂದೇ ಥರ ಇರುವುದರಿಂದ ಅರ್ಧ ಮಾತ್ರ ತೆಗೆದುಕೊ. ಆ ಜಾಗವನ್ನು ಸಣ್ಣ ಸಣ್ಣ ತುಂಡು (ಸೆಲ್) ಮಾಡಬೇಕು, ಆ ತುಂಡುಗಳ ಬಲೆಯೇ ಮೆಶ್. ಹತ್ತು ಲಕ್ಷ ಸೆಲ್‌ ಒಳಗೆ ಇಟ್ಟರೆ 8 ಜಿಬಿಯಲ್ಲಿ ನಡೆಯುತ್ತದೆ, ರಾತ್ರಿ ಓಡಲು ಬಿಟ್ಟು ಮಲಗು. ಮೊದಲು ದುಂಡು ತೂತು ಮಾಡು, ಆಮೇಲೆ 7-7-7. ಮೆಶ್ ಸಣ್ಣದು ಮಾಡಿದಾಗ ಉತ್ತರ ಬದಲಾಗುತ್ತದೆಯಾ ನೋಡು. ಬದಲಾಗುತ್ತಿದ್ದರೆ ಬೇರೆ ಯಾವ ಚಿತ್ರವನ್ನೂ ನಂಬಬೇಡ. ಗಾಳಿ ಪಕ್ಕಕ್ಕೆ ಹರಡುವುದನ್ನು ಸುಳಿಗಳನ್ನು ಅಂದಾಜು ಮಾಡುವ ಮಾಮೂಲಿ ಟರ್ಬುಲೆನ್ಸ್ ಮಾಡೆಲ್‌ಗಳು ಕಡಿಮೆ ತೋರಿಸುತ್ತವೆ. ನಿನ್ನದೂ ಅಳತೆಗಿಂತ ಕಡಿಮೆ ಬರುವ ಸಾಧ್ಯತೆ ಹೆಚ್ಚು. ಎಲ್ಲಿಂದ ಕಡಿಮೆಯಾಗಲು ಶುರುವಾಯಿತು, ತೂತಿನ ಬಾಯಲ್ಲೇನಾ ಅಥವಾ ಮುಂದೆ ಹೋದ ಮೇಲಾ, ಅದನ್ನು ಬರೆದಿಡು. ಸಂದರ್ಶನದಲ್ಲಿ ಅದರ ಬಗ್ಗೆ ಹತ್ತು ನಿಮಿಷ ಮಾತಾಡಲು ಬಂದರೆ, ಯಾವ ಕಾಲೇಜು ಎಂದು ಯಾರೂ ಕೇಳುವುದಿಲ್ಲ.

ಮೆಶ್ ಸಿದ್ಧವಾದ ಮೇಲೆ ಇಲ್ಲೇ ಹಾಕು, ನೋಡಿ ಹೇಳುತ್ತೇನೆ. ತೂತಿನ ಒಳಗೆ ಗೋಡೆಯ ಹತ್ತಿರ ಸೆಲ್ ಒರಟಾಗಿ ಬಿಡಬೇಡ, ಹೊಸಬರು ಅಲ್ಲೇ ಉಳಿತಾಯ ಮಾಡುತ್ತಾರೆ.


ಪಾಂಡವಪುರದ ಹುಡುಗ:

ಆಗಲಿ ಮೇಡಂ. ಓಪನ್‌ಫೋಮ್ ಇವತ್ತೇ ಹಾಕಿಕೊಳ್ಳುತ್ತೇನೆ. 12,400 ಮತ್ತು 37,000ದ ಲೆಕ್ಕ ಅಪ್ಪನಿಗೆ ಹೇಳಿದೆ. ಗೇಟ್ ಯಾವಾಗ ಎಂದು ಅವರೇ ಕೇಳಿದರು.